ಭೂತಗನ್ನಡಿ ಮೇಡಂ

ಒಂದೇ ಹೊಸ ಔಷಧಿಯನ್ನು ನಲವತ್ತು ಆಸ್ಪತ್ರೆಗಳಲ್ಲಿ ಒಟ್ಟಿಗೆ ಪರೀಕ್ಷಿಸುವಾಗ, ಎಲ್ಲಿ ಕೆಲಸ ನೆಟ್ಟಗೆ ನಡೆದಿದೆ, ಎಲ್ಲಿ ಬರೀ ಕಾಗದದ ಮೇಲೆ ನಡೆದಿದೆ ಎಂದು ನೋಡಲು ಒಬ್ಬರು ಬರುತ್ತಾರೆ; ನಾವು ನರ್ಸುಗಳು ಅವರಿಗೆ ಇಟ್ಟ ಹೆಸರು ಭೂತಗನ್ನಡಿ ಮೇಡಂ. ದೊಡ್ಡ ಡಾಕ್ಟರೇ ಎದ್ದು ನಿಂತು "ಮೊದಲು ಕಾಫಿ ಕುಡೀರಿ" ಎಂದರೂ, "ಕಾಫಿ ಎಲ್ಲಿಗೂ ಓಡಿಹೋಗಲ್ಲ, ಫೈಲ್ ತನ್ನಿ" ಎನ್ನುತ್ತಾರೆ. ಔಷಧಿಯ ಫ್ರಿಜ್ಜಿನಲ್ಲಿ ನಮ್ಮ ಥರ್ಮಾಮೀಟರಿನ ಪಕ್ಕ ತಮ್ಮದೂ ಒಂದನ್ನು ಇಡುತ್ತಾರೆ. ಮನೆಯಲ್ಲಿ ಗಂಡ ಅಡುಗೆಗೆ ಉಪ್ಪು ಸರಿಯಾಗಿದೆ ಎಂದರೆ, "ರುಚಿ ನೋಡಿ ಹೇಳಿದ್ರೋ, ನನ್ನ ಮುಖ ನೋಡಿ ಹೇಳಿದ್ರೋ?" ಎಂದು ಕೇಳುತ್ತಾರಂತೆ. ತಪ್ಪನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ, ತಾರೀಖು ಹಾಕಿದ ಪುಟ ಕಂಡರೆ ಅವರ ಮುಖ ಅರಳುತ್ತದೆ. ಚೊಕ್ಕ ಪುಟ ಕಂಡರೆ ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ: "ಏನಮ್ಮಾ, ಎಲ್ಲರಿಗೂ ಬಿಪಿ ನೂರಿಪ್ಪತ್ತು ಎಂಬತ್ತೇನಾ? ರೋಗಿಗಳನ್ನ ಸೇರಿಸ್ಕೊಂಡಿದ್ದೀರೋ, ಗೋಡೆಗಳನ್ನೋ?" ನಾನೊಮ್ಮೆ ರೇಗಿ, "ಚೊಕ್ಕವಾಗಿ ಬರೆಯೋದೂ ತಪ್ಪಾ ಮೇಡಂ?" ಎಂದೆ. ಅವರು ಬ್ಯಾಗಿನಿಂದ ಮಡಿಕೆ ಸವೆದ ಹಳೆಯ ವರದಿಯೊಂದನ್ನು ತೆಗೆದು ಮುಂದಿಟ್ಟರು. ಬೇರೊಂದು ಆಸ್ಪತ್ರೆಯ ಬಗ್ಗೆ "ಇಲ್ಲಿನ ದಾಖಲೆಗಳು ಎಲ್ಲರಿಗೂ ಮಾದರಿ" ಎಂದು ಬರೆದಿತ್ತು. ಕೆಳಗೆ ಅವರದೇ ಸಹಿ. "ಅಲ್ಲಿ ಹನ್ನೊಂದನೇ ರೋಗಿಗೆ ನಾನು ಹೋದ ಹಿಂದಿನ ದಿನದ ತಾರೀಖು ಹಾಕಿ ಬಿಪಿ ನೂರಿಪ್ಪತ್ತು ಎಂಬತ್ತು ಅಂತ ಬರೆದಿದ್ರು. ನಾನು ರೈಟ್ ಮಾರ್ಕ್ ಹಾಕ್ದೆ," ಎಂದರು. "ಆತ ತೀರ್ಕೊಂಡು ಆಗ್ಲೇ ಎಂಟು ದಿನ ಆಗಿತ್ತಮ್ಮ."