ಅತ್ತೆಯ ಫ್ಲಾನೆಲ್ ಮರ

ನನ್ನ ಅತ್ತೆಗೆ ಮರದ ಹುಚ್ಚು. ಗಿಡ ನೆಟ್ಟು ಬೆಳೆಸುವ ಹುಚ್ಚಲ್ಲ. ಚಿಕ್ಕಲಸಂದ್ರದ ನಮ್ಮ ಮನೆಯ ಹಿಂದೆ ಒಂದು ಕರಿಬೇವಿನ ಗಿಡ ಕೂಡ ಅವರ ಕೈಯಲ್ಲಿ ಉಳಿಯಲಿಲ್ಲ. ಅವರ ಮರಗಳೆಲ್ಲ ಸತ್ಯವೇದದ ಒಳಗಿದ್ದವು. ಏದೆನ್ ತೋಟದ ನಡುವೆ ನಿಂತ ಮರ, ಹಣ್ಣು ಬಿಡದೆ ಬೈಸಿಕೊಂಡ ಅಂಜೂರ, ಕಡಿದ ಬುಡದಿಂದ ಚಿಗುರೊಡೆದದ್ದು, ದ್ರಾಕ್ಷಿ ಬಳ್ಳಿ, ಕೊನೆಗೆ ಎಲ್ಲ ಜನಾಂಗಗಳ ಗಾಯವನ್ನೂ ವಾಸಿ ಮಾಡುವ ಎಲೆಗಳ ಜೀವವೃಕ್ಷ. ಬನಶಂಕರಿಯ ಆಚೆಗಿದ್ದ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ ಭಾನುವಾರದ ಕ್ಲಾಸಿನ ಮಕ್ಕಳಿಗೆ ಇವನ್ನೇ ಹೇಳಿಕೊಡುತ್ತ ಅವರು ಮುದುಕಿಯಾದರು. ಸಭೆಗೆಲ್ಲ ಅವರು ಟೀಚರಮ್ಮ.

ಪಾಠಕ್ಕೆ ಒಂದು ಹಲಗೆ ಇತ್ತು. ಅದಕ್ಕೆ ಹಸಿರು ಫ್ಲಾನೆಲ್ ಬಟ್ಟೆ ಬಿಗಿದಿದ್ದರು. ರಟ್ಟಿನಲ್ಲಿ ಕತ್ತರಿಸಿದ ಬೊಡ್ಡೆ, ಕೊಂಬೆ, ಎಲೆಗಳ ಬೆನ್ನಿಗೆ ಉಪ್ಪುಕಾಗದ ಅಂಟಿಸಿ ಬಟ್ಟೆಯ ಮೇಲೆ ಒತ್ತಿದರೆ ಕಚ್ಚಿಕೊಳ್ಳುತ್ತಿತ್ತು. ಒಂದೊಂದು ಎಲೆಯ ಮೇಲೂ ಒಂದೊಂದು ಮಗುವಿನ ಹೆಸರು. "ದೇವರ ಜನ ಅಂದ್ರೆ ಯಾರು ಮಕ್ಕಳೇ?" ಎಂದು ಅತ್ತೆ ಕೇಳಬೇಕು, "ನಾವು ಟೀಚರಮ್ಮಾ!" ಎಂದು ಮಕ್ಕಳು ಕಿರುಚಬೇಕು. ಅವರ ಸಾಮಾನು ಹೊತ್ತುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ಸೊಸೆಯ ಕೆಲಸ. ನಾನು ಅಲ್ಲಿ ಕೂತು ಆಕಳಿಸುತ್ತಿದ್ದೆ.

ನಾನು ಹುಟ್ಟಿದ್ದು ಬಸವನಗುಡಿಯಲ್ಲಿ. ನಮ್ಮಪ್ಪ ಸಂಧ್ಯಾವಂದನೆ ಮುಗಿಯದೆ ಕಾಫಿ ಮುಟ್ಟುವವರಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನಾನು ಆಫೀಸಿನ ಪಕ್ಕದ ಮೇಜಿನವರನ್ನೇ ಮೆಚ್ಚಿ ರಿಜಿಸ್ಟರ್ ಮದುವೆ ಮಾಡಿಕೊಂಡೆ. ಅವತ್ತಿನಿಂದ ಅಪ್ಪನ ಮನೆಯ ಬಾಗಿಲು ಮುಚ್ಚಿತು. ಅಮ್ಮ ಮಾತ್ರ ತಿಂಗಳಿಗೊಮ್ಮೆ ತರಕಾರಿ ನೆಪ ಹೇಳಿ ಜಯನಗರ ಕಾಂಪ್ಲೆಕ್ಸಿಗೆ ಬಂದು ಸಾರಿನ ಪುಡಿಯ ಪೊಟ್ಟಣ ನನ್ನ ಚೀಲಕ್ಕೆ ತುರುಕುತ್ತಿದ್ದಳು. ಪ್ರತಿ ಸಲವೂ ಅದೇ ಮಾತು.

"ಆ ದೀಕ್ಷಾಸ್ನಾನ ಒಂದು ಮಾಡಿಸ್ಕೋಬೇಡ ಕಣೆ. ಅದಾಗದೆ ಇದ್ರೆ ಒಂದಲ್ಲ ಒಂದಿನ ಅಪ್ಪ ಕರೀತಾರೆ. ಆಯ್ತು ಅಂತ ಗೊತ್ತಾದ್ರೆ ನಿನ್ನ ಹೆಸರಲ್ಲಿ ಎಳ್ಳುನೀರು ಬಿಟ್ಟುಬಿಡ್ತಾರೆ."

ಇತ್ತ ಅತ್ತೆಗೆ, ನನ್ನನ್ನು ಸಭೆಗೆ ಸೇರಿಸಿಕೊಳ್ಳುವ ಅದೇ ದೀಕ್ಷಾಸ್ನಾನ ಆಗಲೇಬೇಕಿತ್ತು. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಹೆಸರು ಹಿಡಿದು, ನಾನು ಎದುರಿಗೇ ಕೂತಿರುವಾಗ, ಈ ಹುಡುಗಿಯ ಮನಸ್ಸು ತಿರುಗಿಸು ಸ್ವಾಮಿ ಎಂದು ಬೇಡುತ್ತಿದ್ದರು. ಇಲ್ಲೇ ಇದ್ದೀನಲ್ಲ, ನನಗೇ ಹೇಳಿ ಎಂದು ಎಷ್ಟು ಸಲ ಅನ್ನಿಸಿದೆ! ಯೇಸುವಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಕೀರ್ತನೆಗಳು ಬಾಯಿಗೆ ಬರುತ್ತಿದ್ದವು, ಉಪದೇಶದಲ್ಲಿ ಕೆಲವೊಮ್ಮೆ ಕಣ್ಣು ಒದ್ದೆಯಾಗುತ್ತಿತ್ತು. ಆದರೆ ಅಪ್ಪನಿಗೆ ನಾನು ಪೂರ್ತಿ ಸತ್ತುಹೋಗುವುದು ನನ್ನಿಂದಾಗುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ವರ್ಷಗಳು ಹಾಗೇ ಕಳೆದವು.

ಅತ್ತೆಗೆ ತುಂಬ ಇಷ್ಟವಾದ ಪಾಠವೆಂದರೆ ಎಣ್ಣೇಮರದ್ದು, ಅಂದರೆ ಆಲಿವ್ ಮರದ್ದು. ದೇವರ ಜನ ಊರೊಳಗೆ ನೆಟ್ಟು ಬೆಳೆಸಿದ ಎಣ್ಣೇಮರ; ಅದರ ಕೆಲವು ಕೊಂಬೆ ಮುರಿದು ಬಿದ್ದವು; ಆ ಜಾಗಕ್ಕೆ ದೇವರು ಕಾಡು ಮರದ ಕೊಂಬೆ ತಂದು ಕಸಿ ಕಟ್ಟಿದ; ಈಗ ಅದೂ ಅದೇ ಬೇರಿನ ಸಾರ ಕುಡಿಯುತ್ತದೆ. ಇದನ್ನು ಹೇಳುವಾಗ ಅವರು ಒಂದು ಕೊಂಬೆಯನ್ನು ಬೆರಳಲ್ಲಿ ಹಿಡಿದು ಹಿಂದಿನ ಬೆಂಚಿನ ಕಡೆಗೇ ನೋಡುತ್ತಿದ್ದರು. ಕಾಡು ಕೊಂಬೆ ಅಂದರೆ ನಾನು! ಬಸವನಗುಡಿಯಲ್ಲಿ ಹುಟ್ಟಿ, ಏಳು ತಲೆಮಾರಿನ ಗೋತ್ರ ಪ್ರವರ ಕೇಳುತ್ತ ಬೆಳೆದು, ಕಾಡು ಕೊಂಬೆ ಅನ್ನಿಸಿಕೊಳ್ಳಬೇಕೆ? ಅಪ್ಪನನ್ನು ಕೇಳಿದರೆ ಕಾಡು ಇವರು, ನಾಡು ನಾವು. ಎರಡು ಕಡೆಯವರಿಗೂ ತಾವೇ ದೇವರ ಜನ. ನಡುವೆ ನಾನು ಬೆಳಗ್ಗೆ ಅಡುಗೆ, ಆಮೇಲೆ ಬಸ್ಸು, ಸಂಜೆ ಮತ್ತೆ ಅಡುಗೆ.

ಅತ್ತೆಯ ಕಷ್ಟ ಅತ್ತೆಗೆ. ಅವರು ಕನಕಪುರದ ಕಡೆಯವರು, ಮಾತಾಡಿದರೆ ಅಪ್ಪಟ ಕನ್ನಡ. ಆದರೂ ಬೀದಿಗೆ ಹೊಸದಾಗಿ ಬಂದವರು ಮನೆ ಬಾಗಿಲ ಮೇಲಿನ ಶಿಲುಬೆ ನೋಡಿ, "ಆಂಟಿ, ನೀವು ಕ್ರಿಶ್ಚಿಯನ್ಸಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರ!" ಎಂದು ಮೆಚ್ಚುತ್ತಿದ್ದರು. ಅತ್ತೆಗೆ ಉರಿದುಹೋಗುತ್ತಿತ್ತು. "ಈ ಲೇಔಟು ಹುಟ್ಟೋ ಮುಂಚೆ ನಮ್ಮ ತಾತ ರಾಗಿ ಬೆಳೀತಿದ್ರು ಕಣಮ್ಮ. ಅವರೇನು ಇಂಗ್ಲಿಷಲ್ಲಿ ಉಳ್ತಿದ್ರಾ?" ಎನ್ನುತ್ತಿದ್ದರು. ಆಗ ಮಾತ್ರ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಗ್ಗೆ ಅತ್ತೆ ಬಚ್ಚಲಲ್ಲಿ ಬಿದ್ದರು. ಲಕ್ವ. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ತೊದಲಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಹೀಗೆ ಬಂತು. ಏಳಿಸುವುದು, ಒರೆಸುವುದು, ಗಂಜಿ ಕುಡಿಸುವುದು, ಎಣ್ಣೆ ಹಚ್ಚಿ ಕೈ ನೀವುವುದು, ಆಮೇಲೆ ಓಡಿಹೋಗಿ ಉತ್ತರಹಳ್ಳಿಯ ಕಡೆಯಿಂದ ಬರುವ ಬಸ್ಸಿಗೆ ನೇತಾಡುವುದು. ಗಂಡ ಒಳ್ಳೆಯವರೇ, ಆದರೆ ತಾಯಿಯ ಸೀರೆ ಬದಲಿಸಲು ಅವರಿಗೆ ಸಂಕೋಚ. ಎಲ್ಲ ನನ್ನ ತಲೆಗೇ. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕಪ್ಪಾ ಸಾಕು ಎನ್ನಿಸುತ್ತಿತ್ತು.

ಮಲಗಿದಲ್ಲಿಂದಲೇ ಅತ್ತೆಗೆ ಒಂದೇ ಚಿಂತೆ, ಮಕ್ಕಳ ಕ್ಲಾಸು. ಬೇರೆ ಯಾರಿಗೂ ಪುರುಸೊತ್ತಿಲ್ಲ. "ನೀನೇ... ಹೋಗು," ಎಂದರು. ನಾನು ತಲೆ ಆಡಿಸಿದೆ. ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಎಲ್ಲ ಪಾಠವೂ ಬಾಯಿಪಾಠ. ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ನಿಜ ಹೇಳಬೇಕೆಂದರೆ, ವಾರವಿಡೀ ನಾನು ಕೂತು ಉಸಿರು ಬಿಡುತ್ತಿದ್ದದ್ದು ಅದೊಂದು ಗಂಟೆ. ಮಕ್ಕಳು ನನ್ನನ್ನು ಸಣ್ಣ ಟೀಚರಮ್ಮ ಎಂದು ಕರೆಯತೊಡಗಿದರು.

ಒಂದು ಭಾನುವಾರ ಎಣ್ಣೇಮರದ ಪಾಠ ಬಂತು. ಕೊಂಬೆ ಒತ್ತಿದೆ, ಎಲೆ ಒತ್ತಿದೆ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸಣ್ಣ ಟೀಚರಮ್ಮಾ, ಎಲ್ಲರ ಎಲೆನೂ ಇದೆ, ನಿಮ್ಮದೆಲ್ಲಿ?" ಎಂದಳು.

"ನಂದಿನ್ನೂ ಕಸಿ ಆಗಿಲ್ಲ ಪುಟ್ಟಿ, ದೀಕ್ಷಾಸ್ನಾನ ಆಗ್ಬೇಕಲ್ಲ," ಎಂದು ನಕ್ಕುಬಿಟ್ಟೆ.

ಅಷ್ಟೇ. ಮಗು ಮನೆಯಲ್ಲಿ ಹೇಳಿತು, ಮನೆಯವರು ಬೀದಿಯಲ್ಲಿ ಹೇಳಿದರು. ಮುಂದಿನ ವಾರ ಆರಾಧನೆ ಮುಗಿದ ಮೇಲೆ ಸಭೆಯ ಕಮಿಟಿಯಲ್ಲಿದ್ದ ಜೆ.ಪಿ. ನಗರದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು.

"ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮ ಸೇವೆ ದೊಡ್ಡದು. ಆದ್ರೆ ಸಭೆಗೆ ಸೇರದವರು ಸಭೆ ಮಕ್ಕಳಿಗೆ ದೇವರ ಜನ ಯಾರು ಅಂತ ಹೇಳಿಕೊಡೋದು ಹೇಗೆ? ದೀಕ್ಷಾಸ್ನಾನ ತಗೊಂಡ್ಬಿಡಿ, ನಾವೇ ಚಪ್ಪಾಳೆ ತಟ್ತೀವಿ. ಇಲ್ಲಾಂದ್ರೆ ಈ ಮಕ್ಕಳನ್ನ ಪಕ್ಕದ ಸಭೆಯ ಇಂಗ್ಲಿಷ್ ಸಂಡೇ ಕ್ಲಾಸಿಗೇ ಸೇರಿಸ್ತೀವಿ. ಹೇಗೂ ಎಲ್ಲ ಇಂಗ್ಲಿಷ್ ಮೀಡಿಯಮ್ಮೇ ಅಲ್ವಾ?"

ಮಾತು ಮೆತ್ತಗೇ ಇತ್ತು, ತಪ್ಪೆಂದು ಹೇಳಲೂ ಆಗುವುದಿಲ್ಲ. ಆದರೆ ಅತ್ತೆ ಒಂದು ಆಯುಷ್ಯ ಸುರಿದ ಕನ್ನಡದ ಕ್ಲಾಸು ನನ್ನ ಒಂದು ಹೂಂ ಮೇಲೆ ನಿಂತಿತು. ಹೂಂ ಅಂದರೆ ಅಪ್ಪ ಎಳ್ಳುನೀರು ಬಿಡುತ್ತಾರೆ. ಊಹೂಂ ಅಂದರೆ ಹಾಸಿಗೆ ಹಿಡಿದ ಮುದುಕಿಯ ಎದೆ ಒಡೆಯುತ್ತದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬರುವಾಗ ಯೋಚಿಸುವ ಶಕ್ತಿಯೂ ಇರಲಿಲ್ಲ. ದೇವರು, ಅಪ್ಪ, ಅತ್ತೆ, ಎಲ್ಲರೂ ಸೇರಿ ಏನಾದರೂ ಮಾಡಿಕೊಳ್ಳಲಿ ಎನ್ನಿಸಿತು. ಅವತ್ತು ಸಂಜೆ ಗಂಡನಿಗೆ ಹೇಳಿಬಿಟ್ಟೆ: "ಅಯ್ಯನವರಿಗೆ ಫೋನ್ ಮಾಡ್ರೀ. ತಗೋತೀನಿ."

ಅಯ್ಯನವರು ಎಂದರೆ ನಮ್ಮ ಸಭಾಪಾಲಕರು. ಬುಧವಾರ ಸಂಜೆ ಸ್ಕೂಟರಿನಲ್ಲಿ ಬಂದರು. ಮುಖವೆಲ್ಲ ಅರಳಿತ್ತು. ಅತ್ತೆಯ ಮಂಚದ ಪಕ್ಕ ಕೂತು, "ಟೀಚರಮ್ಮ, ನಿಮ್ಮ ಪ್ರಾರ್ಥನೆ ದೇವರು ಕೇಳಿಬಿಟ್ಟ. ನಿಮ್ಮ ಸೊಸೆ ಒಪ್ಪಿದ್ದಾರೆ. ಯಾವ ಭಾನುವಾರ ಇಟ್ಕೊಳ್ಳೋಣ?" ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಆಗಷ್ಟೇ ಆಫೀಸಿನಿಂದ ಬಂದು, ಸೆರಗು ಸಿಕ್ಕಿಸಿಕೊಂಡು, ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ. ಅವರು ತುಂಬ ಹೊತ್ತು ನೋಡಿದರು.

"ಬೇಡ," ಎಂದರು.

ಅವರಿಗೆ ಅರ್ಥವಾಗಲಿಲ್ಲವೆಂದು ನಾವೆಲ್ಲ ಅಂದುಕೊಂಡೆವು. ಗಂಡ ಹತ್ತಿರ ಬಗ್ಗಿ, "ಅಮ್ಮ, ಇವಳೇ ಒಪ್ಪಿದಾಳೆ," ಎಂದು ಜೋರಾಗಿ ಹೇಳಿದರು.

"ಒಪ್ಪಿಲ್ಲ," ಎಂದರು ಅತ್ತೆ. ಒಂದೊಂದು ಮಾತೂ ಬಾಯಿಯ ಒಂದು ಮಗ್ಗುಲಿಂದ ಕಷ್ಟಪಟ್ಟು ಬಂತು. "ಸುಸ್ತಾಗಿದಾಳೆ."

"ಆದ್ರೆ ಕ್ಲಾಸು, ಟೀಚರಮ್ಮ..." ಎಂದರು ಅಯ್ಯನವರು.

"ಹೋಗ್ಲಿ."

ಅಯ್ಯನವರು ಒಂದು ಸಣ್ಣ ಪ್ರಾರ್ಥನೆ ಮಾಡಿ, ಆರಿದ ಕಾಫಿ ಕುಡಿದು ಎದ್ದುಹೋದರು. ಗಂಡ ಅವರನ್ನು ಬಿಟ್ಟುಬರಲು ಬಾಗಿಲಿಗೆ ಹೋದರು. ನನಗೆ ಎಲ್ಲಿತ್ತೋ ಆ ಸಿಟ್ಟು!

"ಇಷ್ಟು ವರ್ಷ ನನ್ನ ಪ್ರಾಣ ತಿಂದ್ರಲ್ಲ ಅತ್ತೆ! ದಿನಾ ಸಂಜೆ ನನ್ನ ಹೆಸರು ಹಿಡಿದು ಅತ್ರಲ್ಲ! ಇವತ್ತು ಹೂಂ ಅಂದ್ರೆ ಬೇಡ ಅಂತೀರಾ? ನಾನೇನು ಆಟದ ಬೊಂಬೆನಾ?" ಎಂದು ಕೂಗಾಡಿದೆ. ಕೂಗುತ್ತಲೇ ಅಳು ಬಂತು. ನೆಲದ ಮೇಲೆ ಕೂತುಬಿಟ್ಟೆ.

ಅತ್ತೆ ಎಡಗೈ ಚಾಚಿ ನನ್ನ ಜುಟ್ಟು ಹಿಡಿದರು. ತಲೆ ಸವರಲು ಹೋಗಿದ್ದಿರಬೇಕು, ಆ ಕೈಯೂ ಅಷ್ಟೊಂದು ಮಾತು ಕೇಳುತ್ತಿರಲಿಲ್ಲ.

"ಅಳ್ಬೇಡ. ಸೋತು ಬರೋದು... ಬರೋದಲ್ಲ. ನನಗೆ ಅದು ಬೇಡ." ಸ್ವಲ್ಪ ಸುಧಾರಿಸಿಕೊಂಡು ಕೇಳಿದರು: "ನಿಮ್ಮಪ್ಪ... ಇದಾರಾ?"

"ಇದಾರೆ."

"ನೋಡ್ದೆಯಾ?"

"ಎಲ್ಲಿ ನೋಡ್ಲಿ? ಗೇಟೇ ತೆಗೆಯಲ್ಲ ಅವರು."

"ಕ್ಲಾಸು ಹೋಯ್ತಲ್ಲ. ನಂಗೆ ಬಿಡುವು. ನಡಿ, ಹೋಗೋಣ," ಎಂದರು.

ಗಂಡ ಬೇಡವೆಂದರು, ನಾನೂ ಬೇಡವೆಂದೆ. ಮುದುಕಿ ಹಟ ಬಿಡಲಿಲ್ಲ. ಭಾನುವಾರ ಇಂಗ್ಲಿಷ್ ಕ್ಲಾಸಿಗೆ ನಮ್ಮ ಮಕ್ಕಳನ್ನು ಸೇರಿಸಿದರೆಂದು ಕೇಳಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಗಂಜಿಯನ್ನೂ ಬೇಡವೆಂದರು. ಆದರೆ ಆ ಹೋಗುವ ಮಾತು ಮಾತ್ರ ದಿನಾ ತೆಗೆಯುತ್ತಿದ್ದರು. ಇನ್ನೊಂದು ತಿಂಗಳಲ್ಲಿ ಕೋಲು ಹಿಡಿದು ಬಚ್ಚಲ ತನಕ ತಾವೇ ನಡೆಯುವಂತಾದರು. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಗಂಡ ಅತ್ತೆಯನ್ನು ಹಿಡಿದು ಆಟೊ ಹತ್ತಿಸಿದರು, ನಾವಿಬ್ಬರೇ ಬಸವನಗುಡಿಗೆ ಹೊರಟೆವು.

ಗೇಟಿನ ಒಳಗೆ, ವರಾಂಡದ ಕುರ್ಚಿಯಲ್ಲಿ ಅಪ್ಪ ಪೇಪರು ಓದುತ್ತಿದ್ದರು. ಎಷ್ಟು ಮುದುಕರಾಗಿಬಿಟ್ಟಿದ್ದರು! ನನ್ನ ಕೈ ಚಿಲಕದ ಹತ್ತಿರ ಹೋಗಿ ನಿಂತಿತು, ಮುಂದಕ್ಕೆ ಹೋಗಲಿಲ್ಲ. ನನ್ನನ್ನು ಕಂಡು ಅಪ್ಪ ಪೇಪರು ಮೇಲೆತ್ತಿ ಮುಖ ಮುಚ್ಚಿಕೊಂಡರು. ವಾಪಸ್ ಹೋಗೋಣ ಎಂದು ತಿರುಗಿದೆ.

ಆಟೊದ ಒಳಗಿಂದ ಅತ್ತೆ, "ಸಾರ್," ಎಂದು ಕೂಗಿದರು.

ಆ ಕುಂಟು ದನಿ ಕೇಳಿ ಅಪ್ಪ ಎದ್ದು ಬಂದರು. ಬಿಸಿಲಿನಲ್ಲಿ ಆಟೊದೊಳಗೆ ವಾಲಿಕೊಂಡು ಕೂತ ಹೆಂಗಸನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

"ಯಾರು?"

"ಇವಳ ಅತ್ತೆ."

ಅಪ್ಪ ಬೀದಿಯ ಎರಡೂ ಕಡೆ ಕಣ್ಣಾಡಿಸಿದರು. ಬಂದವರನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡುವುದು ಅವರ ಜಾಯಮಾನವಲ್ಲ, ಅದು ನನಗೂ ಗೊತ್ತು. ಕೊನೆಗೆ, "ಹುಷಾರಿಲ್ಲದವರು, ಬಿಸಿಲಲ್ಲಿ ಯಾಕೆ ಕೂತಿದೀರಿ? ಒಳಗೆ ಬನ್ನಿ," ಎಂದು ಗೇಟಿನ ಒಂದು ರೆಕ್ಕೆಯನ್ನಷ್ಟೇ ತೆಗೆದು, ತಾವೇ ಅದಕ್ಕೆ ಅಡ್ಡ ನಿಂತರು. ಬನ್ನಿ ಎಂದದ್ದು ಅತ್ತೆಗೆ ಮಾತ್ರ.

ಅತ್ತೆಯನ್ನು ಇಳಿಸಿಕೊಂಡೆ. ಕೋಲಿಗಾಗಿ ಆಟೊದ ಒಳಗೆಲ್ಲ ತಡಕಿದೆ. ಇರಲಿಲ್ಲ. ಅವರು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

"ಬರ್ತೀನಿ ಸಾರ್," ಎಂದರು ಅತ್ತೆ, ಅಪ್ಪನ ಮುಖವನ್ನೇ ನೋಡುತ್ತ. "ಇವಳು ಹಿಡ್ಕೋಬೇಕು. ಬಿಟ್ರೆ... ಬೀಳ್ತೀನಿ."

ಅಪ್ಪ ಅವರನ್ನು ನೋಡಿದರು. ಆಮೇಲೆ ಮೊದಲ ಸಲ ನನ್ನನ್ನು ನೋಡಿದರು. ಗೇಟಿನ ಇನ್ನೊಂದು ರೆಕ್ಕೆಯನ್ನೂ ತೆಗೆದು ಪಕ್ಕಕ್ಕೆ ಸರಿದರು. ಅತ್ತೆ ತಮ್ಮ ಪೂರ್ತಿ ಭಾರವನ್ನು ನನ್ನ ಹೆಗಲ ಮೇಲೆ ಬಿಟ್ಟರು, ಆ ಭಾರ ಹೊತ್ತುಕೊಂಡೇ ನಾನು ನನ್ನ ತವರಿನ ಹೊಸ್ತಿಲು ದಾಟಿದೆ.