ಕೀಳದ ಹಲ್ಲಿನ ಉಪಚಾರ

ಮೊನ್ನೆ ನಿಮ್ಮಲ್ಲಿ ದೊಡ್ಡವಳು ಫೋನು ಮಾಡಿ, "ಅಜ್ಜಿ, ಮ್ಯಾಮೊಗ್ರಾಂ ಮಾಡಿಸಿದೆ. ಎಡ ಮೊಲೆಯಲ್ಲಿ ಏನೋ ಕಂಡಿದೆಯಂತೆ, ಸೋಮವಾರ ಬಯಾಪ್ಸಿ" ಎಂದಳು. ಹೆದರಿದ್ದಾಳೆಂದು ಸ್ವರದಲ್ಲೇ ಗೊತ್ತಾಗುತ್ತಿತ್ತು. ನನಗೂ ಹೆದರಿಕೆಯಾಯಿತು. ಆದರೆ ಅದಕ್ಕೂ ಮೊದಲು ನಾನು ಮಾಡಿದ್ದೇನೆಂದರೆ, ಫೋನು ಕಿವಿಯಲ್ಲಿಟ್ಟುಕೊಂಡೇ ಆಚೆ ಈಚೆ ನೋಡಿದ್ದು, ಆ ಶಬ್ದ ಯಾರಿಗಾದರೂ ಕೇಳಿಸಿತೋ ಎಂದು. ಜಗಲಿಯಲ್ಲಿ ಬೆಕ್ಕು ಮಾತ್ರ ಇತ್ತು.

ಅದೇ ದಾರಿಯಲ್ಲಿ ನಾನೂ ಒಮ್ಮೆ ಹೋಗಿಬಂದವಳೆಂದು ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾವು ಆಗ ಆಡಿದ ಮಾತೆಲ್ಲ ತುಳು. ನಿಮಗಾಗಿ ಶಾಲೆಯ ಕನ್ನಡದಲ್ಲಿ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಜ್ಜನಿಗೆ ಬಂಟ್ವಾಳ ಪೇಟೆಯಲ್ಲಿ ಪಾತ್ರೆಯ ಅಂಗಡಿ. ನಿಮ್ಮ ಅಪ್ಪ ನನ್ನ ಸೆರಗು ಬಿಡದ ಮಗು. ಒಂದು ದಿನ ಸ್ನಾನ ಮಾಡುವಾಗ ಕೈಗೆ ಒಂದು ಗಂಟು ಸಿಕ್ಕಿತು, ಹುಣಸೆಬೀಜದಷ್ಟು. ನೋವಿರಲಿಲ್ಲ. ನೋವಿದ್ದಿದ್ದರೆ ಅಯ್ಯೋ ಎನ್ನಬಹುದಿತ್ತು, ಯಾರಾದರೂ ಏನಾಯಿತೆಂದು ಕೇಳುತ್ತಿದ್ದರು. ನೋಯದ ಗಂಟನ್ನು ನಾನಾಗಿಯೇ ಹೇಳಬೇಕು.

ನಮ್ಮಲ್ಲಿ ಮೈಯ ಕೆಲವು ಭಾಗಗಳು ಊರಿಗೆ ಸೇರಿದವು. ತಲೆ, ಸೊಂಟ, ಮಂಡಿ, ಹಲ್ಲು ಇವುಗಳ ಸುದ್ದಿಯನ್ನು ಬಾವಿಕಟ್ಟೆಯಲ್ಲಿ ನಿಂತು ಎಷ್ಟು ಬೇಕಾದರೂ ಮಾತಾಡಬಹುದು. ಉಳಿದ ಭಾಗಗಳಿಗೆ ಹೆಸರೇ ಇಲ್ಲ ಎಂಬಂತೆ ಬದುಕಬೇಕು. ನಾನು ಮೂಡುಬಿದಿರೆಯಲ್ಲಿ ಹುಟ್ಟಿದವಳು, ಮೈಮೇಲೆ ನೂಲೆಳೆಯೂ ಇಲ್ಲದ ತೀರ್ಥಂಕರರಿಗೆ ದಿನವೂ ಕೈಮುಗಿದು ಬೆಳೆದವಳು. ಶರೀರದಲ್ಲಿ ನಾಚುವಂಥದ್ದು ಏನೂ ಇಲ್ಲವೆಂದು ಅವರು ನಿಂತೇ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ ಅಷ್ಟೆ.

ಕೊನೆಗೆ ಅತ್ತೆಗೆ ಹೇಳಿದೆ, ಬಸಳೆ ಸೋಸುತ್ತ, ಬಸಳೆಯನ್ನೇ ನೋಡುತ್ತ. ಅವರೂ ಬಸಳೆಯನ್ನೇ ನೋಡಿದರು. "ಮಗುವಿಗೆ ಹಾಲು ಕೊಡುವಲ್ಲಿಯಾ?" ಎಂದು ಕೇಳಿದರು. ಹೂಂ ಎಂದೆ. ಮರುದಿನವೇ ಮಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರಮ್ಮ ಒತ್ತಿ ನೋಡಿ, "ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವ. ಕೆಟ್ಟದ್ದಾದರೆ ಇಡೀ ಮೊಲೆ ತೆಗೆಯಬೇಕಾಗ್ತದೆ. ಮುಂದಿನ ವಾರ ಬನ್ನಿ" ಎಂದರು.

ಆ ಒಂದು ವಾರ ನಾನು ಮಾಡಿದ ತಯಾರಿಯನ್ನು ನೆನೆದರೆ ಈಗ ನಗು ಬರುತ್ತದೆ. ಮಗುವಿಗೆ ಅತ್ತೆಯ ಕೈಯಿಂದ ಉಣ್ಣಲು ಕಲಿಸಿದೆ. ಅದರ ಅಂಗಿಗಳಿಗೆಲ್ಲ ಗುಂಡಿ ಹೊಲಿದೆ. ಆಮೇಲೆ ಮಾವಿನ ಮಿಡಿ ತರಿಸಿ ಭರಣಿಗಳ ಮುಂದೆ ಕುಳಿತೆ.

"ಒಂದು ದಿನಕ್ಕೆ ಹೋಗುವವಳಿಗೆ ವರ್ಷದ ಉಪ್ಪಿನಕಾಯಿ ಯಾಕೆ?" ಎಂದರು ಅತ್ತೆ.

ನಾನು ಮಿಡಿಗಳನ್ನು ಒರೆಸುತ್ತಲೇ ಇದ್ದೆ. ಅವರು ಮೆಣಸಿನ ಗೆರಸೆಯನ್ನು ನನ್ನ ಎದುರಿನಿಂದ ಎತ್ತಿಕೊಂಡರು. "ಈಗ ಉಪ್ಪು ಮಾತ್ರ ಹಾಕಿಡು. ಖಾರ ಅರೆಯುವುದು ನೀನು ಬಂದ ಮೇಲೆ. ನನ್ನ ಕೈಲಾಗುವುದಿಲ್ಲ." ನನಗಿಂತ ಚೆನ್ನಾಗಿ ಅರೆಯುವ ಕೈ ಅದು.

ಹಲ್ಲು ಹುಟ್ಟಿದ್ದೂ ಅವರಿಂದಲೇ. ಬಾವಿಕಟ್ಟೆಯಲ್ಲಿ ಯಾರೋ "ಸೊಸೆಯನ್ನು ಮಂಗಳೂರಿಗೆ ಯಾಕೆ ಕರಕೊಂಡು ಹೋದದ್ದು?" ಎಂದು ಕೇಳಿದಾಗ, ಅತ್ತೆ ಕೊಡಪಾನ ಇಳಿಸುತ್ತ, "ದವಡೆಹಲ್ಲು. ಕೀಳಿಸಬೇಕಂತೆ" ಎಂದುಬಿಟ್ಟರು. ಸಂಜೆಯೊಳಗೆ ಪೇಟೆಗೆಲ್ಲ ನನ್ನ ಹಲ್ಲು ಗೊತ್ತಾಯಿತು. ಒಬ್ಬರು ಪೇರಳೆಯ ಚಿಗುರು ತಂದು ಕುದಿಸಿ ಮುಕ್ಕಳಿಸು ಎಂದರು. ಬೆಳ್ತಂಗಡಿಯ ನಾದಿನಿ ಬಸ್ಸಿನವನ ಕೈಯಲ್ಲಿ ಲವಂಗದ ಎಣ್ಣೆ ಕಳಿಸಿದಳು. ಬಸ್‌ಸ್ಟ್ಯಾಂಡಿನ ಎದುರು ಸೋಡಾ ಅಂಗಡಿ ಇಟ್ಟಿದ್ದ ಕೊಗ್ಗಣ್ಣ, ಇಷ್ಟು ಸಣ್ಣ ಕೆಲಸಕ್ಕೆ ಮಂಗಳೂರು ಯಾಕೆ, ನೂಲು ಕಟ್ಟಿ ನಾನೇ ಎಳೆದುಕೊಡುತ್ತೇನೆಂದು ನಿಮ್ಮ ಅಜ್ಜನಿಗೆ ಹೇಳಿದನಂತೆ. ಯಾರಾದರೂ ಎದುರು ಬಂದರೆ ನಾನು ಕೆನ್ನೆಗೆ ಕೈ ಇಟ್ಟುಕೊಳ್ಳಬೇಕಿತ್ತು. ಎಷ್ಟೋ ಸಲ ಬಲಗೆನ್ನೆಯೋ ಎಡಗೆನ್ನೆಯೋ ಎಂದೇ ಮರೆತುಹೋಗುತ್ತಿತ್ತು. ಆದರೂ ಹೇಳುತ್ತೇನೆ, ತಪ್ಪು ವಿಳಾಸಕ್ಕೆ ಬಂದ ಪ್ರೀತಿಯಾದರೂ ನನಗೆ ತಲುಪುತ್ತಿತ್ತು.

ಹೊರಡುವ ಹಿಂದಿನ ಸಂಜೆ ಪಕ್ಕದ ಮನೆಯ ಐಸಮ್ಮ ಬಂದಳು. ಬ್ಯಾರಿ ಮುಸಲ್ಮಾನರ ಮನೆ, ದಿನಸಿ ವ್ಯಾಪಾರ, ನನ್ನದೇ ವಯಸ್ಸು. ಸೆರಗಿನೊಳಗಿನಿಂದ ಒಂದು ರವಿಕೆ ತೆಗೆದುಕೊಟ್ಟಳು. ಮೆತ್ತನೆಯ ಬಿಳಿ ಬಟ್ಟೆ, ಎದುರು ಗುಂಡಿ, ಅಗಲವಾದ ತೋಳು.

"ಹಲ್ಲು ಕೀಳಿಸಿದ ಮೇಲೆ ಕೈ ಎತ್ತಲಿಕ್ಕೆ ಕಷ್ಟ ಉಂಟು, ಅಕ್ಕ," ಎಂದಳು. "ಇದು ಸಡಿಲ ಉಂಟು. ಸುಲಭ ಆಗ್ತದೆ."

ನಾನು ಅವಳ ಮುಖ ನೋಡಿದೆ. ಅವಳು ಮಾವಿನ ಮಿಡಿಯ ಭರಣಿಯನ್ನು ನೋಡುತ್ತಿದ್ದಳು. ಅವಳಿಗೂ ಹಿಂದೆ ಬಾಣಂತನದಲ್ಲಿ ಅದೇ ಜಾಗದಲ್ಲಿ ಬಾವು ಬಂದು ಕೊಯ್ಯಿಸಬೇಕಾಗಿ ಬಂದಿತ್ತೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಆಗ ಅವರ ಮನೆಯವರು ಊರಿಗೆ ಏನು ಹೇಳಿದ್ದರೋ, ನಾನು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ, "ರಾತ್ರಿ ಏನಾದರೂ ತಿಂದಿದ್ದೀರಾ?" ಎಂದು ಕೇಳಿದ್ದಕ್ಕೆ ಅತ್ತೆಗೆ ಸಿಟ್ಟು ಬಂತು. "ಸೂರ್ಯ ಮುಳುಗಿದ ಮೇಲೆ ನಮ್ಮ ಜೈನರ ಮನೆಯಲ್ಲಿ ಬೆಕ್ಕೂ ತಿನ್ನುವುದಿಲ್ಲ" ಎಂದರು. ಬೆಕ್ಕಿನ ಮಾತು ಪೂರ್ತಿ ನಿಜವಲ್ಲ. ನಮ್ಮ ಜೊತೆ ಬಂದಿದ್ದ ನಿಮ್ಮ ಅಜ್ಜ ಆಪರೇಶನ್ ಕೋಣೆಯ ಬಾಗಿಲಿನವರೆಗೆ ಬಂದರು. ಬಸ್ಸಿನಲ್ಲಿ ಗಂಡಸರ ಕಡೆ ಕುಳಿತು ದಾರಿಯುದ್ದಕ್ಕೂ ಒಂದು ಮಾತೂ ಆಡಿದವರಲ್ಲ. ಈಗ ಮೆಲ್ಲಗೆ, "ಹೆದರಿಕೆ ಆಗ್ತದಾ?" ಎಂದರು. ತಲೆಯಾಡಿಸಿದೆ. "ನನಗೂ" ಎಂದರು. ಆ ಕಾಲದ ಗಂಡ ಹೆಂಡತಿಗೆ ಅಷ್ಟೇ ದೊಡ್ಡ ಸಂಭಾಷಣೆ. ಇಂದಿಗೂ ನನಗೆ ಅದು ಸಾಕಾಗಿದೆ.

ಚೂರು ತೆಗೆದರು, ಹೊಲಿಗೆ ಹಾಕಿದರು, ಫಲಿತಾಂಶಕ್ಕೆ ಕಾಯಿರಿ ಎಂದು ಕಳಿಸಿದರು. ಐಸಮ್ಮ ಹೇಳಿದ್ದು ಸರಿಯಾಗಿತ್ತು, ಕೈ ಎತ್ತಲಾಗಲಿಲ್ಲ. ಮಗುವನ್ನು ಎತ್ತಿಕೊಳ್ಳಲಾಗದೆ ಗೋಡೆಗೊರಗಿ ಕುಳಿತವಳಿಗೆ ನೆರೆಹೊರೆಯವರು ಮೆತ್ತನೆಯ ಗಂಜಿ ತಂದು ಕೊಟ್ಟರು, ಜಗಿಯಬೇಡ ಎಂದರು. ಜಗಿಯಲಿಲ್ಲ.

ಫಲಿತಾಂಶ ಕೇಳಲು ನಿಮ್ಮ ಅಜ್ಜ ಒಬ್ಬರೇ ಹೋದರು. ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆಂದು ನಾನು ಜಗಲಿಯಲ್ಲೇ ಇದ್ದೆ. ನಮ್ಮ ಮನೆ ಬಸ್ಸು ನಿಲ್ಲುವಲ್ಲಿಂದ ಕಾಣುತ್ತಿತ್ತು. ಅವರು ಇಳಿದರು. ಸುತ್ತ ಜನ, ಕೊಗ್ಗಣ್ಣನ ಅಂಗಡಿ, ಪಕ್ಕದ ಮನೆಯ ಜಗಲಿಯಲ್ಲಿ ಐಸಮ್ಮ. ಮನೆಯವರೆಗೆ ಬಂದು ಹೇಳುವಷ್ಟು ತಾಳ್ಮೆ ಆ ಹೊತ್ತು ಅವರಿಗೂ ಇರಲಿಲ್ಲ. ಜೀವಮಾನದಲ್ಲಿ ಸ್ವರ ಎತ್ತದವರು ರಸ್ತೆಯಿಂದಲೇ ಕೂಗಿದರು:

"ಹಲ್ಲಿಗೆ ಏನೂ ಆಗಲಿಲ್ಲವಂತೆ! ಒಳ್ಳೆಯದೇ ಉಂಟಂತೆ!"

ಕೊಗ್ಗಣ್ಣ ಸೋಡಾ ಒಡೆಯುವುದನ್ನು ನಿಲ್ಲಿಸಿದ. "ಕಿತ್ತ ಹಲ್ಲಿನ ಕ್ಷೇಮಸಮಾಚಾರ ಕೇಳಲಿಕ್ಕೆ ಮಂಗಳೂರಿಗೆ ಹೋದದ್ದಾ, ಧಣಿಗಳೇ?"

ನನಗೆ ಎಲ್ಲಿತ್ತೋ ನಗು ಬಂತು. ಹೊಲಿಗೆ ನೋಯುತ್ತಿದ್ದರೂ ನಿಲ್ಲಲಿಲ್ಲ. ಸೆರಗು ಬಾಯಿಗೆ ಹಿಡಿಯುವುದನ್ನೂ ಮರೆತು, ಜಗಲಿಯಲ್ಲಿ ಕುಳಿತು, ಬಾಯಿ ತುಂಬ ನಕ್ಕೆ. ಒಂದೂ ಕಡಿಮೆಯಾಗದ ಹಲ್ಲಿನ ಸಾಲು ಇಡೀ ಪೇಟೆಗೆ ಕಂಡಿತು. ಅತ್ತೆ ಒಳಗೆ ಓಡಿದರು, ಕಣ್ಣೊರೆಸಿಕೊಳ್ಳಲೋ ನಾಚಿಕೆಗೋ. ಐಸಮ್ಮ ಮಾತ್ರ ಹತ್ತಿರ ಬಂದು ಹೇಳಿದಳು: "ನಗು ಮಾರಾಯ್ತಿ, ನಗು. ಹಲ್ಲು ಪುನಃ ಬಂತಲ್ಲ."

ಯಾರೂ ಏನೂ ಕೇಳಲಿಲ್ಲ. ಆಗ ಊರಿನವರು ಅಷ್ಟು ದೊಡ್ಡವರಾಗಿದ್ದರು. ಆದರೆ ಆ ಒಂದು ವಾರ ಯಾರಾದರೂ ನನ್ನನ್ನು ನೇರವಾಗಿ ಕೇಳಿದ್ದರೆ, ನಾನು ನೇರವಾಗಿ ಹೇಳಿದ್ದರೆ, ಐಸಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳಬಹುದಿತ್ತಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆದ್ದರಿಂದ ದೊಡ್ಡವಳೇ, ಮಗಾ, ಸೋಮವಾರ ನಾನೂ ಬರುತ್ತೇನೆ. ಒಟ್ಟಿಗೆ ಹೋಗುವ. ದಾರಿಯಲ್ಲಿ ಯಾರಾದರೂ ಕೇಳಿದರೆ ಇದ್ದದ್ದನ್ನೇ ಹೇಳುವ. ಹಲ್ಲು ಎನ್ನೋಣವೆಂದರೆ ನನ್ನ ಬಾಯಲ್ಲಿ ಈಗ ಒಂದೂ ಉಳಿದಿಲ್ಲ.