ಬ್ಯಾಂಕಾಕಿನಲ್ಲಿ ನಾನು ನುಂಗಿದ ಮಾತು

ಹೈದರಾಬಾದಿನ ಯಾವ ದೊಡ್ಡ ಆಸ್ಪತ್ರೆಯ ಲಿಫ್ಟಿನಲ್ಲಿ ನಿಂತರೂ ಬೀದರ ಕಡೆಯವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮಗೂ ಸಿಕ್ಕರು. ಬಯಾಪ್ಸಿಯ ವರದಿ ತೆಗೆದುಕೊಂಡು ಕೆಳಗಿಳಿಯುತ್ತಿದ್ದೆವು. ಭಾಲ್ಕಿಯ ಕಾಳಿನ ವ್ಯಾಪಾರಿಯೊಬ್ಬರು ತಾಯಿಯ ಗಾಲಿಕುರ್ಚಿ ಹಿಡಿದುಕೊಂಡು ಒಳಗೆ ಬಂದರು.

"ಏನ್ರಿ ಸಾವ್ಕಾರ್ರ, ನೀವಿಲ್ಲಿ? ಯಾರಿಗೇನಾಗ್ಯದ?"

ನನ್ನ ಗಂಡ ಫೈಲನ್ನು ಬೆನ್ನ ಹಿಂದೆ ಸರಿಸಿದರು. "ಏನಿಲ್ಲರಿ, ಈಕಿಗಿ ಮೊಣಕಾಲ ಬ್ಯಾನಿ."

ನಾನು ಲಿಫ್ಟಿನಿಂದ ಹೊರಬಾಗಿಲವರೆಗೆ ಕುಂಟುತ್ತ ನಡೆದೆ.

ಫೈಲಿನಲ್ಲಿದ್ದದ್ದು ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸರಿಗೆ ಮೂತ್ರಚೀಲದ ಕೆಳಗೆ ಅಕ್ರೋಟಿನಷ್ಟು ದೊಡ್ಡದೊಂದು ಗ್ರಂಥಿ ಇರುತ್ತದೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಅಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತಾದ ಮೇಲೆ ಇಬ್ಬರೂ ಅದನ್ನು ಬಾಯಿಂದ ಆಡಲಿಲ್ಲ. "ಅದು" ಎನ್ನುತ್ತಿದ್ದೆವು. "ಅದರ ಗುಳಿಗಿ ತೊಗೊಂಡ್ರ್ಯಾ?" "ಅದರ ರಿಪೋರ್ಟ್ ಎಲ್ಲಿಟ್ಟಿ?" ಅಷ್ಟೇ.

ವಿದೇಶಕ್ಕೆ ಹೋಗುವ ಮಾತು ಎತ್ತಿದವರು ಭಾವನವರು, ಎಂದರೆ ನನ್ನ ಗಂಡನ ಅಣ್ಣ. ಭಾಲ್ಕಿಯಲ್ಲಿ ಅಣ್ಣತಮ್ಮಂದಿರದು ಒಂದೇ ಅಡತಿ ಅಂಗಡಿ. ರೈತರ ತೊಗರಿ, ಉದ್ದು, ಸೋಯಾ ಮಾರಿಸಿಕೊಡುವ ದಲಾಲಿ. ಭಾವನವರು ಹಿಂದೊಮ್ಮೆ ವ್ಯಾಪಾರಿಗಳ ಗುಂಪಿನೊಡನೆ ಬ್ಯಾಂಕಾಕಿಗೆ ಹೋಗಿ ಬಂದಿದ್ದರು. ಅಲ್ಲಿಯ ಆಸ್ಪತ್ರೆ ಹೋಟೆಲಿದ್ದಂತೆ ಇರುತ್ತದೆ, ಯಂತ್ರದ ಕೈಯಿಂದ ಆಪರೇಶನ್ ಮಾಡುತ್ತಾರೆ ಎಂದರು. ಯಂತ್ರದ ಕೈ ಹೈದರಾಬಾದಿನಲ್ಲೂ ಇತ್ತು. ಆದರೆ ಅವರು ಮುಂದೆ ಹೇಳಿದ ಮಾತಿಗೆ ಯಾರೂ ಎದುರಾಡಲಿಲ್ಲ.

"ಅಲ್ಲಿ ನಮ್ಮನ್ನ ಗುರ್ತ ಹಿಡಿಯೋರ ಯಾರಿದ್ದಾರ?"

ಬೀದರದ ಚಿದ್ರಿಯಲ್ಲಿರುವ ನಮ್ಮ ಮನೆಯ ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದಾರೆ. ಓಣಿಯವರೆಲ್ಲ ಖಾಲಾ ಎನ್ನುತ್ತೇವೆ. ನಾವು ಟೂರಿಗೆ ಹೊರಟಿದ್ದೇವೆ ಎಂದಾಗ ಅವರು ನನ್ನ ಗಲ್ಲ ಸವರಿ, "ಮುಬಾರಕ್ ಹೋ ಬೇಟಿ, ಈ ವಯಸ್ಸಿನ್ಯಾಗಾದ್ರೂ ನಿನ್ನ ಗಂಡಗ ಬುದ್ಧಿ ಬಂತಲ್ಲ!" ಎಂದು ನಕ್ಕರು. ದಾರಿಗೆಂದು ಒಂದು ಡಬ್ಬಿ ಖಾರಿ ಬಿಸ್ಕತ್ತು ಕೊಟ್ಟರು. ವಿಮಾನದಲ್ಲಿ ಒಂದನ್ನು ಕಚ್ಚಿ ಡಬ್ಬಿ ಮುಚ್ಚಿಟ್ಟೆ. ಅಷ್ಟು ಸುಳ್ಳಿಗೇ ಆಗ ನಾಚಿಕೊಂಡಿದ್ದೆ.

ನಾನು ಔರಾದದವಳು. ಅಪ್ಪ ನನ್ನನ್ನು ಬೀದರದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿಯ ಸಿಸ್ಟರ್‌ಗಳು ಇಂಗ್ಲಿಷನ್ನು, ದುಂಡು ಅಕ್ಷರವನ್ನು, ಮೆಲ್ಲಗೆ ಮಾತಾಡುವುದನ್ನು ಕಲಿಸಿದರು. ಜೀವಶಾಸ್ತ್ರದ ಒಂದು ಪಾಠ ಬಂದಾಗ ಮಾತ್ರ, "ಇದನ್ನು ನೀವೇ ಓದಿಕೊಳ್ಳಿ ಮಕ್ಕಳೇ," ಎಂದು ಪುಟ ಮಗುಚಿದರು. ನಾನು ಓದಿಕೊಂಡಿದ್ದೆ. ಹಾಗಾಗಿ ಆ ಪದಗಳೆಲ್ಲ ನನಗೆ ಇಂಗ್ಲಿಷಿನಲ್ಲಿ ಗೊತ್ತು. ಕನ್ನಡದಲ್ಲಿ ಅವನ್ನು ಬಸ್ ಸ್ಟ್ಯಾಂಡಿನ ಬೈಗುಳದಲ್ಲಿ ಮಾತ್ರ ಕೇಳಿದ್ದೆ.

ಬ್ಯಾಂಕಾಕಿನ ಆಸ್ಪತ್ರೆಯಲ್ಲಿ ತಿಳಿಗುಲಾಬಿ ಕೋಟಿನ ಒಬ್ಬ ಹುಡುಗಿ ಬಂದು, ಹಿಂದಿಯಲ್ಲಿ ತಿಳಿಸಿ ಹೇಳಲು ಜನ ಬೇಕೇ ಎಂದು ಕೇಳಿದಳು. ನನ್ನ ಗಂಡನಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿ ಚೆನ್ನಾಗಿ ಬರುತ್ತದೆ. ಬೀದರದಲ್ಲಿ ಹುಟ್ಟಿದವರಿಗೆ ಅದನ್ನು ಕಲಿಸಬೇಕಾಗಿಲ್ಲ. ಅವಳಿಗೆ ಹೂಂ ಅಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು, "ನೋ, ಥ್ಯಾಂಕ್ ಯೂ, ಐ ವಿಲ್ ಎಕ್ಸ್‌ಪ್ಲೇನ್," ಎಂದೆ. ನಮ್ಮ ಜೊತೆಗೆ ಬಂದಿದ್ದ ಭಾವನವರು ತಮ್ಮನ ಕಡೆ ತಿರುಗಿ, "ನಿನ್ನ ಹೆಂಡ್ತಿ ಇಂಗ್ಲಿಷ್ ಮೇಮ್ ಅದಾಳ ಬಿಡೋ," ಎಂದರು. ನನಗೆ ಹಿಗ್ಗಾಯಿತು.

ನಮ್ಮ ಮನೆತನದಲ್ಲಿ ಭಾವನ ಮುಂದೆ ಸೊಸೆಯಂದಿರು ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಾರೆ, ನೇರವಾಗಿ ಮಾತಾಡುವುದಿಲ್ಲ. ಅವರಿಗೆ ಚಹಾ ಬೇಕೇ ಎಂಬುದನ್ನೂ ನಾನು ಗಂಡನಿಗೇ ಕೇಳಬೇಕು. ಡಾಕ್ಟರ ಕೋಣೆಯಲ್ಲೂ ನಾನು ಸೆರಗು ಹೊದ್ದೇ ಕುಳಿತಿದ್ದೆ. ಎಡಕ್ಕೆ ಗಂಡ, ಅವರ ಆಚೆ ಭಾವನವರು. ಡಾಕ್ಟರು ಸಣ್ಣ ದನಿಯ ಮನುಷ್ಯ. ಪ್ರತಿ ವಾಕ್ಯದ ಕೊನೆಗೆ ನಿಂತು ನನ್ನ ಮುಖ ನೋಡುತ್ತಿದ್ದರು.

ರೋಗ ಗ್ರಂಥಿಯ ಒಳಗೇ ಇದೆ, ನಿಧಾನದ್ದು, ಮೂರು ದಾರಿಗಳಿವೆ ಎಂದರು. ಒಂದು, ಆಪರೇಶನ್ ಮಾಡಿ ಗ್ರಂಥಿಯನ್ನೇ ತೆಗೆಯುವುದು. ಎರಡು, ಕೆಲವು ವಾರ ವಿಕಿರಣ ಕೊಡುವುದು. ಮೂರು, ಈಗೇನೂ ಮಾಡದೆ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ, ಅದು ಬೆಳೆಯುತ್ತದೋ ಇಲ್ಲವೋ ಎಂದು ಕಾಯುವುದು. ಇಷ್ಟನ್ನು ನಾನು ಚೆನ್ನಾಗಿಯೇ ಹೇಳಿದೆ.

ಮೂರನೆಯದನ್ನು ಕೇಳಿ ಭಾವನವರು ಕುರ್ಚಿಯಲ್ಲೇ ಜಿಗಿದರು. "ಬಿಟ್ಟು ನೋಡೂದಾ? ತೊಗರ್ಯಾಗ ಹುಳ ಕಂಡ್ರ ಯಾರರೆ ಬಿಟ್ಟು ನೋಡ್ತಾರೇನೋ? ತೆಗೆಸಿ ಒಗಿ!"

ನನ್ನ ಗಂಡ ನಕ್ಕು, "ಆಪರೇಶನ್ ಮಾಡ್ಸಿದ್ರ ಮುಂದ ತ್ರಾಸ ಏನದಾ ಕೇಳು," ಎಂದು ನನಗೆ ಹೇಳಿದರು. ಕೇಳಿದೆ.

ಡಾಕ್ಟರು ಎರಡು ಮಾತು ಹೇಳಿದರು. ಮೂತ್ರದ ಹಿಡಿತ ತಪ್ಪಬಹುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಪೂರ್ತಿ ಸುಧಾರಿಸುವುದಿಲ್ಲ. ಇನ್ನೊಂದು, ದಾಂಪತ್ಯದ್ದು. ಅಲ್ಲಿಯ ನರಗಳಿಗೆ ಪೆಟ್ಟಾಗಿ ಗಂಡಸಿನ ಶಕ್ತಿ ಹೋಗಬಹುದು, ಮರಳಿ ಬರಬಹುದು, ಬಾರದೆಯೂ ಇರಬಹುದು. ವಿಕಿರಣದಲ್ಲೂ ತೊಂದರೆಗಳಿವೆ, ಆದರೆ ಬೇರೆ ತರಹದವು. "ಈ ವಿಷಯ ಅವರಿಗೆ ಮುಖ್ಯವಾದದ್ದು, ದಯವಿಟ್ಟು ಅವರನ್ನು ಕೇಳಿ ಹೇಳಿ," ಎಂದು ಪೆನ್ನು ಕೆಳಗಿಟ್ಟು ಕಾದರು.

ಭಾವನವರು ನನ್ನ ಕಡೆಗೆ ಕಿವಿ ಕೊಟ್ಟಿದ್ದರು. ಅವರ ಅಂಗಿಯ ಜೇಬಿನಲ್ಲಿ ಕನ್ನಡಕದ ಡಬ್ಬಿ, ಅದರ ಮೂಲೆಯಲ್ಲಿ ಕಿತ್ತು ಬಂದ ರೆಕ್ಸಿನ್. ನಾನು ಅದನ್ನೇ ನೋಡುತ್ತಿದ್ದೆ. ನಾಲಿಗೆಯ ಮೇಲೆ ಇಂಗ್ಲಿಷ್ ಪದಗಳಿದ್ದವು. ಕನ್ನಡದ್ದು ಒಂದೂ ಬರಲಿಲ್ಲ.

"ಸ್ವಲ್ಪ ದಿನ ತ್ರಾಸ ಆಗ್ತದಂತ್ರಿ. ಆಮ್ಯಾಲ ಎಲ್ಲ ಸರಿ ಆಗ್ತದಂತ."

"ಅಷ್ಟೊತ್ತು ಮಾತಾಡಿದ್ರಲ್ಲ ಅವ್ರು, ಇಷ್ಟೇನಾ?"

"ಇಷ್ಟೇರಿ."

ಹಾಗಿದ್ದರೆ ಆಪರೇಶನ್ನೇ ಆಗಲಿ ಎಂದು ಗಂಡ ತಲೆಯಾಡಿಸಿದರು. ಡಾಕ್ಟರು ಅವರಿಗೆ ಒಪ್ಪಿಗೆಯೇ ಎಂದು ಕೇಳಿದರು. "ಯೆಸ್," ಎಂದೆ. ಒಪ್ಪಿಗೆ ಪತ್ರದಲ್ಲಿ ರೋಗಿಗೆ ವಿಷಯ ತಿಳಿಸಿದವರ ಸಹಿ ಎಂದು ಒಂದು ಗೆರೆಯಿತ್ತು. ದುಂಡು ಅಕ್ಷರದಲ್ಲಿ ಸಹಿ ಮಾಡಿದೆ.

ಆಪರೇಶನ್ ಸುಸೂತ್ರವಾಯಿತು. ಊರಲ್ಲಿ ತೋರಿಸಲು ಫೋಟೋ ಬೇಕಲ್ಲ, ಹೊರಡುವ ಮುಂಚೆ ಇವರನ್ನು ಒಂದು ದೊಡ್ಡ ಗುಡಿಯ ಮುಂದೆ ನಿಲ್ಲಿಸಿ ತೆಗೆದೆ. ಮೂತ್ರದ ಚೀಲ ಪ್ಯಾಂಟಿನೊಳಗೆ ಕಾಲಿಗೆ ಕಟ್ಟಿತ್ತು. "ನಗ್ರಿ," ಎಂದೆ. ನಕ್ಕರು. ಆ ಫೋಟೋ ನೋಡಿ ಖಾಲಾ, "ಎಷ್ಟು ಸೊರಗ್ಯಾನ ಪಾಪ, ಅಲ್ಲಿ ಊಟ ಸಿಗ್ಲಿಲ್ಲೇನು?" ಎಂದರು.

ಚೀಲ ತೆಗೆದ ಮೇಲೆ ಸೋರುವುದು ಶುರುವಾಯಿತು. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ. ದಿನಕ್ಕೆ ಮೂರು ಪೈಜಾಮ. ಹೊರಗಿನ ಹಗ್ಗದ ಮೇಲೆ ಅಷ್ಟೊಂದು ಪೈಜಾಮ ಕಂಡರೆ ಓಣಿಯವರು ಕೇಳುತ್ತಾರೆಂದು ಒಳಗಿನ ಕೋಣೆಯಲ್ಲಿ ಕಪಾಟಿನ ಬಾಗಿಲಿಗೆ ಹರವುತ್ತಿದ್ದೆ. ಅವರು ಭಾಲ್ಕಿಗೆ ಹೋಗುವುದನ್ನು ಬಿಟ್ಟರು. ಅಡತಿಯ ಗಾದಿಯ ಮೇಲೆ ಇಡೀ ದಿನ ಹೇಗೆ ಕೂಡುವುದು? ಹಾಸಿಗೆಯನ್ನೂ ಬೇರೆ ಮಾಡಿಕೊಂಡರು. ಒಂದು ದಿನ ಗೋಡೆಯ ಕಡೆ ಮುಖ ಮಾಡಿ, "ನಂದೇ ಏನೋ ಪಾಪ ಅದಾ. ಡಾಕ್ಟರ್ ಸರಿ ಆಗ್ತದಂದ್ರೂ ನನಗ ಆಗ್ಲಿಲ್ಲ," ಎಂದರು. ನಾನು ಪೈಜಾಮ ಮಡಚುತ್ತಲೇ ಇದ್ದೆ.

ಔರಾದದಲ್ಲಿ ನನ್ನ ತಮ್ಮನ ಮೊಮ್ಮಗುವಿನ ತೊಟ್ಟಿಲ ಕಾರ್ಯವಿತ್ತು. ಬರುವುದಿಲ್ಲ ಎಂದವರನ್ನು ನಾನೇ ಒತ್ತಾಯಿಸಿ ಕರೆದೊಯ್ದೆ. ಭಾವನವರೂ ಬಂದಿದ್ದರು. ಗಂಡಸರೆಲ್ಲ ಜಮಖಾನೆಯ ಮೇಲೆ ಕುಳಿತಿದ್ದರು. ಯಾರೋ ಏನೋ ಜೋಕು ಹೇಳಿದರು, ಇವರು ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕರು, ಎದ್ದು ನಿಂತರು. ತಿಳಿಬಣ್ಣದ ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿತ್ತು.

ನನ್ನ ಚಿಕ್ಕಮ್ಮನಿಗೆ ಕಣ್ಣು ಮಂಜು. "ಕೂಸು ಉಚ್ಚಿ ಹೊಯ್ತೇನು? ಶುಭ ಅದಾ ಬಿಡ್ರಿ ಅಳಿಯಂದಿರ!" ಎಂದು ಚಪ್ಪಾಳೆ ತಟ್ಟಿದರು.

"ಕೂಸು ಇನ್ನಾ ತೊಟ್ಟಿಲದಾಗೇ ಅದಲ್ಲ ಅಮ್ಮಾ," ಎಂದು ಯಾರೋ ಹೆಣ್ಣುಮಗಳು ಅಂದಳು. ಎಲ್ಲರೂ ತೊಟ್ಟಿಲು ನೋಡಿದರು, ಆಮೇಲೆ ಇವರನ್ನು ನೋಡಿದರು.

ಅಷ್ಟರಲ್ಲಿ ಭಾವನವರು ಕೈಯಲ್ಲಿದ್ದ ತಂಬಿಗೆಯ ನೀರನ್ನು ಇವರ ಕಾಲ ಮೇಲೆ ಚೆಲ್ಲಿದರು. "ಅಯ್ಯ, ನನ್ನ ಕೈ ನೋಡ್ರಿ, ಒಂದಕ್ಕ ಎರಡು ಸಲ ಚೆಲ್ಲಿದೆ! ಮುದುಕ ಆದೆ ನಾ, ನನಗ ತೊಟ್ಟಿಲದಾಗ ಹಾಕ್ರಿ," ಎಂದರು. ಜನ ನಕ್ಕರು. ಭಾವನವರು ಇವರ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದರು.

ಮರುದಿನ ಮುಂಜಾನೆ ಗಂಡ ಫೋನನ್ನು ನನ್ನ ಮುಂದಿಟ್ಟರು. "ಆ ಡಾಕ್ಟರಿಗಿ ಹಚ್ಚು. ಇದು ನಿಲ್ತದೋ ಇಲ್ಲೋ, ಒಂದ್ ಸಲ ಕೇಳಿಬಿಡು."

ಆಸ್ಪತ್ರೆಯವರು ಎರಡು ದಿನ ಬಿಟ್ಟು ವಿಡಿಯೋ ಕರೆಗೆ ವೇಳೆ ಕೊಟ್ಟರು. ಭಾವನವರು ಭಾಲ್ಕಿಯಿಂದ ಬಂದು ಸೋಫಾದ ಮೇಲೆ ಕುಳಿತರು. ನಾನು ಸೆರಗು ಎಳೆದುಕೊಂಡೆ. ಡಾಕ್ಟರ ಮುಖ ಪರದೆಯ ಮೇಲೆ ಮೂಡುತ್ತಲೂ ಭಾವನವರು ಎದ್ದರು.

"ನೀವು ಮಾತಾಡ್ರಿ. ನಾ ಕಟ್ಟಿ ಮ್ಯಾಲ ಕೂಡ್ತೀನಿ. ಇದು ಗಂಡ ಹೆಂಡ್ತಿ ಮಾತು."

ಇಷ್ಟೇ ಸಾಕಾಗಿತ್ತು. ಬ್ಯಾಂಕಾಕಿನಲ್ಲೂ ಗಂಡನ ಕಿವಿಯಲ್ಲಿ ಒಂದು ಮಾತು ಉಸುರಿದ್ದರೆ ಭಾವನವರು ಹೀಗೆಯೇ ಎದ್ದು ಹೋಗುತ್ತಿದ್ದರು.

ಡಾಕ್ಟರು ಎಲ್ಲ ಕೇಳಿದರು. ವ್ಯಾಯಾಮ ಹೇಳಿದರು, ಇನ್ನೂ ಸುಧಾರಿಸುವ ಅವಕಾಶವಿದೆ, ಆದರೆ ಖಾತ್ರಿಯಿಲ್ಲ ಎಂದರು. ಆಮೇಲೆ ಹೇಳಿದರು: "ಮೊದಲ ಭೇಟಿಯಲ್ಲೇ ಈ ಎರಡನ್ನೂ ತಿಳಿಸಿದ್ದೆ. ಅದಕ್ಕೇ ಬೇರೆ ದಾರಿಗಳನ್ನೂ ಮುಂದಿಟ್ಟಿದ್ದೆ."

ಗಂಡ ನನ್ನ ಮುಖ ನೋಡುತ್ತಿದ್ದರು. "ಏನಂದ್ರು?"

ವ್ಯಾಯಾಮದ ಮಾತು ಹೇಳಿ ನಿಲ್ಲಿಸಬಹುದಿತ್ತು. ಸುಲಭವಾಗಿತ್ತು.

"ಮೊದಲನೇ ದಿನಾನೇ ಹೇಳಿದ್ದೆ ಅಂತಾರ. ಉಚ್ಚಿ ಸೋರೂದು, ಮತ್ತ... ಹಾಸಿಗ್ಯಾಗಿಂದು. ಎರಡೂ ಹೇಳಿದ್ರು. ನಿಮ್ಮನ್ನ ಕೇಳು ಅಂದಿದ್ರು. ನಾನೇ ಹೇಳ್ಲಿಲ್ಲರಿ. ಭಾವನೋರು ಕುಂತಿದ್ರು."

ಪರದೆಯಲ್ಲಿ ಡಾಕ್ಟರು ಕಾಯುತ್ತಿದ್ದರು.

"ಅಣ್ಣ ಕುಂತಿದ್ದ, ಖರೆ. ಆಪರೇಶನ್ನಿಗಿ ಇನ್ನಾ ಎರಡು ದಿನ ಇತ್ತು. ಹೋಟೆಲಿನ ಖೋಲ್ಯಾಗ ನಾವಿಬ್ರೇ ಇದ್ದಿವಿ. ಅವಾಗ ಯಾಕ ಹೇಳ್ಲಿಲ್ಲ?"

ಡಾಕ್ಟರು ಮತ್ತೇನಾದರೂ ಕೇಳುವುದಿದೆಯೇ ಎಂದರು. ನಾನು ಧನ್ಯವಾದ ಹೇಳಿ ಫೋನ್ ಇಟ್ಟೆ. ಇಷ್ಟು ದಿನ ನನಗೆ ನಾನೇ ಭಾವನವರ ಹೆಸರು ಹೇಳಿಕೊಂಡು ಬಂದಿದ್ದೆ. ನಿಜ ಬೇರೆಯೇ ಇತ್ತು. ಆ ಎರಡು ದಿನ ನನಗೆ ಹಗಲೆಲ್ಲ ಒಂದೇ ಯೋಚನೆ: ಕ್ಯಾನ್ಸರು ಹೊರಗೆ ಬರಲಿ, ಇವರು ಬದುಕಲಿ.

"ನೀವು ಬ್ಯಾಡಂತೀರಿ ಅಂತ ಅಂಜಿದ್ದೆ," ಎಂದೆ.

"ಬ್ಯಾಡಂತಿದ್ನೋ ಹೂಂ ಅಂತಿದ್ನೋ," ಎಂದರು. ಸಿಟ್ಟಿರಲಿಲ್ಲ, ಅದೇ ಕಷ್ಟ. "ಅನ್ನೂದು ನಂದಿತ್ತಲ್ಲ?"

ಎದ್ದು ಹೊರಗೆ ಹೋಗಿ ಅಣ್ಣನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತರು.

ಇದಾಗಿ ಕೆಲವು ತಿಂಗಳಾಯಿತು. ಈಗ ದಿನಕ್ಕೆ ಒಂದು ಪೈಜಾಮ ಸಾಕು. ವಾರಕ್ಕೆರಡು ಸಲ ಭಾಲ್ಕಿಗೆ ಹೋಗಿ ಬರುತ್ತಾರೆ. ನನ್ನ ಮೇಲೆ ಒಂದು ದಿನವೂ ಕೂಗಾಡಿಲ್ಲ, ಯಾರ ಮುಂದೆಯೂ ಆಡಿಲ್ಲ. ಆದರೆ ರಕ್ತ ಪರೀಕ್ಷೆಯ ವರದಿ ಇರಲಿ, ಗುಳಿಗೆಯ ಚೀಟಿ ಇರಲಿ, ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದ ಮೆಸೇಜು ಇರಲಿ, ನಾನು ಓದಿ ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಮೆತ್ತಗೆ ಕೇಳುತ್ತಾರೆ:

"ಪೂರಾ ಹೇಳಿದಿ ಏನು?"

ಹೂಂ ಎನ್ನುವುದಿಲ್ಲ ನಾನು. ಮತ್ತೆ ಮೊದಲ ಸಾಲಿನಿಂದ ಓದುತ್ತೇನೆ.